ಕಾನೂನು ಜರ್ನಲ್‌ಗೆ ಲೇಖನ ಕಳಿಸಿದ ಮೇಲೆ

ಅಧಿಕಾರಿಯೊಬ್ಬರು ಯಾರದೋ ಅರ್ಜಿಯನ್ನು ತಿರಸ್ಕರಿಸಿದರೆ ಅದಕ್ಕೆ ಕಾರಣ ಹೇಳಲೇಬೇಕೇ? ಆಡಳಿತ ಕಾನೂನಿನ ಹಳೆಯ ಪ್ರಶ್ನೆ ಇದು. ಭಾರತ, ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾ ಈ ನಾಲ್ಕು ದೇಶಗಳ ತೀರ್ಪುಗಳನ್ನು ಎದುರಿಗಿಟ್ಟುಕೊಂಡು ಇದರ ಬಗ್ಗೆ ನಾನೊಂದು ಲೇಖನ ಬರೆದೆ, ಜರ್ನಲ್‌ಗೆ ಕಳಿಸಿದೆ. ಬರೆದು ಮುಗಿಸಿದಾಗ ಅದರಲ್ಲಿದ್ದ ವಾದವೇ ಬೇರೆ, ಅಚ್ಚಾದಾಗ ಇದ್ದ ವಾದವೇ ಬೇರೆ. ನಡುವೆ ಆದದ್ದೆಲ್ಲ ಕಳಿಸಿದ ಮೇಲೆ ಆದದ್ದು. ಕಳಿಸುವುದೆಂದರೆ ಫಾರ್ಮ್ ತುಂಬಿ ಫೈಲ್ ಏರಿಸಿ ಕಾಯುವ ಕೆಲಸ ಎಂದು ತಿಳಿದಿರುವ ಕಿರಿಯ ಸಂಶೋಧಕರು ತುಂಬ ಜನ ಸಿಗುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ತೀರ್ಮಾನ, ಎಲ್ಲಿಗೆ ಕಳಿಸುವುದು ಎಂಬುದು. ಕಾನೂನು ಜರ್ನಲ್‌ಗಳಲ್ಲಿ ಎರಡು ಪದ್ಧತಿಗಳಿವೆ, ಒಂದರ ನಿಯಮ ಇನ್ನೊಂದರಲ್ಲಿ ನಡೆಯುವುದಿಲ್ಲ. ಅಮೆರಿಕದ ಲಾ ರಿವ್ಯೂಗಳನ್ನು ಬಹುಪಾಲು ನಡೆಸುವವರು ಕಾನೂನು ವಿದ್ಯಾರ್ಥಿಗಳು. 1887ರಲ್ಲಿ ಶುರುವಾದ ಹಾರ್ವರ್ಡ್ ಲಾ ರಿವ್ಯೂ ಇವತ್ತಿಗೂ ವಿದ್ಯಾರ್ಥಿ ಸಂಪಾದಕರ ಕೈಯಲ್ಲೇ ಇದೆ. ಅಲ್ಲಿ ಒಂದೇ ಲೇಖನವನ್ನು ಒಟ್ಟಿಗೇ ಹತ್ತಾರು ಜರ್ನಲ್‌ಗಳಿಗೆ ಕಳಿಸುವುದು ರೂಢಿ, ಸ್ಕೊಲಾಸ್ಟಿಕಾದಂಥ ವೇದಿಕೆಗಳು ಅದಕ್ಕೆಂದೇ ಇವೆ. ಒಂದು ಕಡೆ ಒಪ್ಪಿಗೆ ಸಿಕ್ಕರೆ ಅದನ್ನು ತಿಳಿಸಿ, ಇನ್ನೂ ಹೆಸರಾದ ಜರ್ನಲ್‌ಗೆ ‘ನಿಮ್ಮ ತೀರ್ಮಾನ ಬೇಗ ಹೇಳಿ’ ಎಂದು ಕೇಳಿಕೊಳ್ಳಬಹುದು. ಇದನ್ನು ಎಕ್ಸ್‌ಪಿಡೈಟ್ ಕೋರಿಕೆ ಎನ್ನುತ್ತಾರೆ. ಕಳಿಸುವುದಕ್ಕೆ ಕಾಲವೂ ಇದೆ: ಫೆಬ್ರವರಿ–ಮಾರ್ಚ್ ಹೊತ್ತಿಗೆ ಒಂದು ಸಲ, ಆಗಸ್ಟ್ ಹೊತ್ತಿಗೆ ಇನ್ನೊಂದು ಸಲ ಭರಾಟೆ ಏಳುತ್ತದೆ. ಉದ್ದದ ಲೆಕ್ಕವೂ ಬೇರೆ. ಹಾರ್ವರ್ಡ್‌ನವರು ಅಡಿಟಿಪ್ಪಣಿ ಸೇರಿ 25,000 ಪದಗಳೊಳಗೆ ಇರಲಿ ಎನ್ನುತ್ತಾರೆ. ಬೇರೆ ದೇಶಗಳ ಎಷ್ಟೋ ಜರ್ನಲ್‌ಗಳು ಅದರ ಅರ್ಧವನ್ನೂ ಕೊಡುವುದಿಲ್ಲ.

ಇನ್ನೊಂದು, ಪರಾಮರ್ಶಕರು, ಅಂದರೆ ಆ ವಿಷಯ ಬಲ್ಲ ಬೇರೆ ವಿದ್ವಾಂಸರು, ಓದಿ ತೀರ್ಪು ಹೇಳುವ ಪದ್ಧತಿ. 1921ರ ಕೇಂಬ್ರಿಡ್ಜ್ ಲಾ ಜರ್ನಲ್, 1937ರ ಮಾಡರ್ನ್ ಲಾ ರಿವ್ಯೂ ಮುಂತಾದವು ಈ ಸಾಲಿನವು. ಇಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಜರ್ನಲ್. ಲೇಖನ ಬೇರೆಲ್ಲೂ ಪರಿಶೀಲನೆಯಲ್ಲಿಲ್ಲ ಎಂದು ಕಳಿಸುವಾಗಲೇ ಒಪ್ಪಿ ಗುರುತು ಹಾಕಬೇಕು. ಉತ್ತರ ಬರುವುದಕ್ಕೆ ತಿಂಗಳುಗಳೇ ಹಿಡಿಯಬಹುದು, ಅಲ್ಲಿಯವರೆಗೆ ಲೇಖನ ಅವರ ಬಳಿಯೇ ಇರಬೇಕು. ಅಮೆರಿಕದ ರೂಢಿಯನ್ನು ಇಲ್ಲಿಗೆ ತಂದು ಎರಡು ಕಡೆ ಒಟ್ಟಿಗೆ ಕಳಿಸಿದರೆ ಅದು ಪ್ರಕಟಣಾ ನೀತಿಯ ಉಲ್ಲಂಘನೆ. ಗೊತ್ತಾದರೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ.

ನನ್ನದು ಎರಡನೇ ಪದ್ಧತಿಯ ಲೇಖನ. ಅದರಲ್ಲೂ ಯಾವ ಜರ್ನಲ್? ಎಲ್‌ಎಲ್‌ಎಂನಲ್ಲಿ ನನಗೆ ಪಾಠ ಹೇಳಿದ ಪ್ರಾಧ್ಯಾಪಕರನ್ನು ಕೇಳಿದಾಗ ಅವರು ಶ್ರೇಯಾಂಕದ ಪಟ್ಟಿ ತೆಗೆಯಲಿಲ್ಲ. “ನಿನ್ನ ಅಡಿಟಿಪ್ಪಣಿ ನೋಡು. ಅದರಲ್ಲಿ ಯಾವ ಜರ್ನಲ್‌ಗಳು ಮತ್ತೆ ಮತ್ತೆ ಬರುತ್ತವೆ? ನಿನ್ನ ಜೊತೆ ವಾದಕ್ಕೆ ಕೂರುವವರು ಅಲ್ಲಿದ್ದಾರೆ,” ಎಂದರು. ಈ ಒಂದು ಮಾತು ನನಗೆ ಎಲ್ಲ ಪಟ್ಟಿಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು, ಈಗ ನನ್ನನ್ನು ಕೇಳುವವರಿಗೂ ಇದನ್ನೇ ಹೇಳುತ್ತೇನೆ. ಅದೇ ವೇಳೆಗೆ ‘ಒಂದು ವಾರದಲ್ಲಿ ಪ್ರಕಟಣೆ ಖಚಿತ’ ಎನ್ನುವ ಇಮೇಲ್‌ಗಳು ಬರುತ್ತಿದ್ದವು. ತೆರೆಯದೆ ಅಳಿಸಿದೆ. ಓದದೆ ಒಪ್ಪಿಕೊಳ್ಳುವ ಜರ್ನಲ್‌ನಲ್ಲಿ ಲೇಖನ ಬಂದರೆ ಅದು ಯಾರ ವಾದಕ್ಕೂ ಉತ್ತರವಾಗುವುದಿಲ್ಲ. ಮುಂದೆ ಅದನ್ನು ಹಿಂತೆಗೆದುಕೊಂಡು ಬೇರೆಡೆ ಕಳಿಸಲೂ ದಾರಿ ಇರುವುದಿಲ್ಲ.

ಮೊದಲು ಕಳಿಸಿದ ಜರ್ನಲ್‌ನಿಂದ ಲೇಖನ ಪರಾಮರ್ಶಕರವರೆಗೂ ಹೋಗದೆ ಹಿಂದಿರುಗಿತು. ಇದನ್ನು ಡೆಸ್ಕ್ ರಿಜೆಕ್ಷನ್ ಅನ್ನುತ್ತಾರೆ, ಸಂಪಾದಕರ ಮೇಜಿನ ಮೇಲೇ ಆಗುವ ತಿರಸ್ಕಾರ. ಬಹಳ ಜನ ಇದರಿಂದ ಕುಗ್ಗುತ್ತಾರೆ. ಆದರೆ ಸಂಪಾದಕರು ಎರಡು ಸಾಲಿನ ಕಾರಣ ಕೊಟ್ಟಿದ್ದರು: ತಮ್ಮ ಓದುಗರು ಒಂದು ದೇಶದ ಕಾನೂನನ್ನು ಆಳವಾಗಿ ನೋಡುವವರು, ಈ ಲೇಖನದ ತೂಕ ಇರುವುದು ಹೋಲಿಕೆಯಲ್ಲಿ. ಮಾತು ನಿಜ. ಮುಂದಿನ ಬಾರಿ ತೌಲನಿಕ ಸಾರ್ವಜನಿಕ ಕಾನೂನಿಗೆ ಮೀಸಲಾದ ಜರ್ನಲ್ ಆರಿಸಿಕೊಂಡೆ. ಬೇಗ ಬರುವ, ಕಾರಣ ಹೇಳುವ ‘ಬೇಡ’ ಲೇಖಕನಿಗೆ ಮಾಡುವ ಉಪಕಾರ. ತಿಂಗಳುಗಟ್ಟಲೆ ಇಟ್ಟುಕೊಂಡು ಒಂದು ಸಾಲಿನಲ್ಲಿ ಕಳಿಸುವ ‘ಬೇಡ’ಕ್ಕಿಂತ ಅದು ಎಷ್ಟೋ ಮೇಲು.

ಎರಡನೇ ಸಲ ಕಳಿಸುವ ಮೊದಲು ಸಾರಾಂಶವನ್ನು ಮತ್ತೆ ಬರೆದೆ. ಕಾನೂನು ಲೇಖನಗಳ ಸಾರಾಂಶಗಳಲ್ಲಿ ‘ಈ ಲೇಖನ ಪರಿಶೀಲಿಸುತ್ತದೆ, ಚರ್ಚಿಸುತ್ತದೆ, ಅವಲೋಕಿಸುತ್ತದೆ’ ಎಂಬ ಸಾಲುಗಳು ಸಾಮಾನ್ಯ. ಪರಿಶೀಲಿಸಿ ಕಂಡದ್ದೇನು ಎಂಬುದು ಅವುಗಳಲ್ಲಿ ಇರುವುದಿಲ್ಲ. ನಾನು ಸಾರಾಂಶದ ಮೊದಲ ಸಾಲಿನಲ್ಲೇ ವಾದವನ್ನಿಟ್ಟೆ: ಕಾರಣ ಕೊಡುವ ಹೊಣೆಯನ್ನು ನ್ಯಾಯಾಲಯಗಳು ಮಾನ್ಯ ಮಾಡಿದ್ದು ಮುಖ್ಯವಾಗಿ, ಕಾರಣ ತಿಳಿಯದವನು ತೀರ್ಮಾನವನ್ನು ಪ್ರಶ್ನಿಸಲಾರ ಎಂಬ ಕಾರಣಕ್ಕೆ. ಇದಕ್ಕೆ ಆಧಾರ ಗಟ್ಟಿಯಾಗಿತ್ತು. ಇಂಗ್ಲೆಂಡಿನ ಡೂಡಿ ಪ್ರಕರಣದಲ್ಲಿ ಜೀವಾವಧಿ ಕೈದಿಗಳು ಎಷ್ಟು ವರ್ಷ ಜೈಲಿನಲ್ಲಿರಬೇಕು ಎಂಬುದನ್ನು ಗೃಹಮಂತ್ರಿ ತೀರ್ಮಾನಿಸುತ್ತಿದ್ದರು. ಕಾರಣ ತಿಳಿಯದೆ ಆ ತೀರ್ಮಾನವನ್ನು ಪ್ರಶ್ನಿಸುವುದು ಹೇಗೆ ಎಂಬುದೇ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ಯೋಚನೆಯಾಗಿತ್ತು. ಭಾರತದಲ್ಲಿ 1990ರ ಎಸ್. ಎನ್. ಮುಖರ್ಜಿ ಪ್ರಕರಣದ ಸಂವಿಧಾನ ಪೀಠ, ಮೇಲಿನ ನ್ಯಾಯಾಲಯ ಪರಿಶೀಲನೆ ನಡೆಸಬೇಕಾದರೆ ಕಾರಣ ದಾಖಲಾಗಿರಬೇಕು ಎಂದಿತು. ಕೆನಡಾದಲ್ಲಿ 1999ರ ಬೇಕರ್ ಪ್ರಕರಣ ಇತ್ತು: ಗಡೀಪಾರಿನ ಆದೇಶ ಎದುರಿಸುತ್ತಿದ್ದ ಮನೆಗೆಲಸದ ಮಹಿಳೆಯ ಅರ್ಜಿಯನ್ನು ತಿರಸ್ಕರಿಸಿದ್ದರು, ಅಧಿಕಾರಿ ಬರೆದುಕೊಂಡಿದ್ದ ಟಿಪ್ಪಣಿಯನ್ನೇ ಸುಪ್ರೀಂ ಕೋರ್ಟ್ ಕಾರಣವೆಂದು ಎಣಿಸಿ, ಅದರಲ್ಲೇ ಪಕ್ಷಪಾತದ ಛಾಯೆ ಕಂಡಿತು. ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ) ಮಾತ್ರ 1986ರ ಆಸ್ಮಂಡ್ ತೀರ್ಪಿನಲ್ಲಿ, ಕಾಮನ್ ಲಾನಲ್ಲಿ, ಅಂದರೆ ಶಾಸನದಿಂದಲ್ಲದೆ ತೀರ್ಪುಗಳಿಂದ ಬೆಳೆದ ಕಾನೂನಿನಲ್ಲಿ, ಅಂಥ ಸಾಮಾನ್ಯ ಹೊಣೆ ಇಲ್ಲ ಎಂದು ಹೇಳಿ ಕೆಳಗಿನ ನ್ಯಾಯಾಲಯದ ತೀರ್ಪನ್ನು ತಿರುಗಿಸಿತ್ತು. ಅದನ್ನು ಕೊನೆಯ ಭಾಗದಲ್ಲಿ ಅಪವಾದವಾಗಿ ಇಟ್ಟಿದ್ದೆ.

ಹೆಸರು ತಿಳಿಯದ ಪರಾಮರ್ಶೆಗೆ ಫೈಲ್ ಸಿದ್ಧಪಡಿಸುವ ಬಗ್ಗೆ ಒಂದು ಮಾತು. ಲೇಖಕರ ಹೆಸರು ಪರಾಮರ್ಶಕರಿಗೆ, ಅವರ ಹೆಸರು ಲೇಖಕರಿಗೆ ಗೊತ್ತಾಗದಂತೆ ನೋಡಿಕೊಳ್ಳುವುದು ಈ ವ್ಯವಸ್ಥೆ. ಶೀರ್ಷಿಕೆಯ ಕೆಳಗಿನ ಹೆಸರು ತೆಗೆದರೆ ಸಾಲದು. ಫೈಲಿನ ಒಳಗಿನ ಮಾಹಿತಿಯಲ್ಲಿ ಹೆಸರು ಉಳಿದಿರುತ್ತದೆ, ಕೃತಜ್ಞತೆಯ ಟಿಪ್ಪಣಿಯಲ್ಲಿ ಇರುತ್ತದೆ, ‘ನಾನು ಈ ಹಿಂದೆ ವಾದಿಸಿರುವಂತೆ’ ಎಂಬ ಸಾಲು ಎಲ್ಲವನ್ನೂ ಹೇಳಿಬಿಡುತ್ತದೆ. ಕರಡನ್ನು ಮೊದಲೇ, ಸಂಶೋಧನಾ ಕರಡುಗಳನ್ನು ಎಲ್ಲರಿಗೂ ತೆರೆದಿಡುವ ಜಾಲತಾಣವಾದ ಎಸ್‌ಎಸ್‌ಆರ್‌ಎನ್‌ನಲ್ಲಿ ಹಾಕಿದ್ದರೆ ಶೀರ್ಷಿಕೆ ಹುಡುಕಿದರೆ ಸಾಕು, ಹೆಸರು ಸಿಗುತ್ತದೆ. ನಾನು ಒಪ್ಪಿಗೆ ಬರುವವರೆಗೆ ಹಾಕಲಿಲ್ಲ.

ಲೇಖನ ಪರಾಮರ್ಶಕರ ಕೈಯಲ್ಲಿದ್ದಾಗಲೇ, 2019ರ ಡಿಸೆಂಬರ್‌ನಲ್ಲಿ, ಕೆನಡಾದ ಸುಪ್ರೀಂ ಕೋರ್ಟ್ ವ್ಯಾವಿಲೊವ್ ತೀರ್ಪು ಕೊಟ್ಟಿತು. ಕೆನಡಾದವರಂತೆ ನಟಿಸಿ ಬದುಕಿದ್ದ ರಷ್ಯನ್ ಗೂಢಚಾರ ದಂಪತಿಗೆ ಟೊರಾಂಟೊದಲ್ಲಿ ಹುಟ್ಟಿದ ಮಗ ಅಲೆಕ್ಸಾಂಡರ್ ವ್ಯಾವಿಲೊವ್. ಅವನ ಪೌರತ್ವ ಪತ್ರವನ್ನು ರಿಜಿಸ್ಟ್ರಾರ್ ರದ್ದು ಮಾಡಿದ್ದು ಸರಿಯೇ ಎಂಬುದು ಪ್ರಶ್ನೆ. ಸರಿಯಲ್ಲ ಎಂದಿತು ನ್ಯಾಯಾಲಯ. ಅಷ್ಟಕ್ಕೇ ನಿಲ್ಲದೆ, ಆಡಳಿತದ ತೀರ್ಮಾನಗಳನ್ನು ನ್ಯಾಯಾಲಯ ಹೇಗೆ ಪರಿಶೀಲಿಸಬೇಕು ಎಂಬ ಇಡೀ ಚೌಕಟ್ಟನ್ನೇ ಹೊಸದಾಗಿ ಕಟ್ಟಿತು. ಅದರ ನಡುಮಧ್ಯದಲ್ಲಿ ಇದ್ದದ್ದು ಕಾರಣಗಳೇ. ಅಧಿಕಾರ ಚಲಾಯಿಸುವವರು ಅದನ್ನು ಸಮರ್ಥಿಸಿಕೊಳ್ಳಬೇಕು, ಆ ಸಮರ್ಥನೆ ಅದರಿಂದ ಬಾಧಿತನಾದವನಿಗೆ ಕಾಣುವಂತಿರಬೇಕು ಎಂದಿತು. ಪ್ರಶ್ನಿಸಲು ಅನುಕೂಲವಾಗಲಿ ಎಂಬ ನನ್ನ ವಾದಕ್ಕಿಂತ ಇದು ಒಂದು ಹೆಜ್ಜೆ ಮುಂದಿತ್ತು.

ಕಾನೂನಿನ ಬಗ್ಗೆ ಬರೆಯುವವರಿಗೆ ಇದು ವಿಶೇಷ ಪಾಡು. ನಾವು ಆಧಾರವಾಗಿ ಹಿಡಿದದ್ದೇ ಒಂದು ಬೆಳಿಗ್ಗೆ ಬದಲಾಗಬಹುದು. ಹೊಸ ಪ್ರತಿ ಕಳಿಸಿದರೆ ಪರಾಮರ್ಶಕರು ಓದುತ್ತಿರುವ ಪ್ರತಿಗೂ ಅದಕ್ಕೂ ಹೊಂದಿಕೆಯಾಗುವುದಿಲ್ಲ, ಸುಮ್ಮನಿದ್ದರೆ ತೀರ್ಪು ಗೊತ್ತೇ ಇಲ್ಲವೆಂದು ಅವರು ತಿಳಿಯಬಹುದು. ನಾನು ಸಂಪಾದಕರಿಗೆ ಚಿಕ್ಕ ಪತ್ರ ಬರೆದೆ: ಇಂಥ ತೀರ್ಪು ಬಂದಿದೆ, ವಾದಕ್ಕೆ ನೇರ ಸಂಬಂಧವಿದೆ, ಪರಿಷ್ಕರಣೆಗೆ ಅವಕಾಶ ಸಿಕ್ಕರೆ ಸೇರಿಸುತ್ತೇನೆ. ಅವರು ಹಾಗೇ ಮಾಡಿ ಎಂದರು. ತೀರ್ಪನ್ನು ಪೂರ್ತಿ ಓದುವುದಕ್ಕೆ ಕಾಯುವ ಕಾಲ ಸರಿಹೋಯಿತು.

ಆಮೇಲೆ ಬಂದವು ಪರಾಮರ್ಶಕರ ವರದಿಗಳು. ತೀರ್ಮಾನ: ಪರಿಷ್ಕರಿಸಿ ಮತ್ತೆ ಕಳಿಸಿ. ಹೊಸಬರಿಗೆ ಇದು ಅರೆ ತಿರಸ್ಕಾರದಂತೆ ಕೇಳಿಸುತ್ತದೆ. ಅಲ್ಲ. ನಿಮ್ಮ ಲೇಖನಕ್ಕೆ ಇನ್ನಷ್ಟು ಸಮಯ ಕೊಡಲು ಸಂಪಾದಕರು ಸಿದ್ಧರಿದ್ದಾರೆ ಎಂದು ಅರ್ಥ. ಅನೇಕ ಒಳ್ಳೆಯ ಲೇಖನಗಳು ಈ ಹಂತ ದಾಟಿಯೇ ಬಂದಿವೆ.

ಮೊದಲ ಪರಾಮರ್ಶಕರು ಮೆಚ್ಚಿದ್ದರು, ಜೊತೆಗೆ ಒಂದು ಚರಿತ್ರೆಯ ಎಳೆ ಕೊಟ್ಟಿದ್ದರು. ಇಂಗ್ಲೆಂಡಿನಲ್ಲಿ 1957ರ ಫ್ರಾಂಕ್ಸ್ ಸಮಿತಿಯ ವರದಿ, ಅದರ ಬೆನ್ನಿಗೆ 1958ರ ಟ್ರಿಬ್ಯೂನಲ್ಸ್ ಅಂಡ್ ಇನ್‌ಕ್ವೈರೀಸ್ ಕಾಯ್ದೆ, ಕೇಳಿದವರಿಗೆ ಟ್ರಿಬ್ಯೂನಲ್‌ಗಳು ಕಾರಣ ಕೊಡಬೇಕು ಎಂದು ಆ ಕಾಯ್ದೆ ವಿಧಿಸಿತ್ತಲ್ಲ, ಡೂಡಿ ತೀರ್ಪನ್ನು ಆ ಹಿನ್ನೆಲೆಯಲ್ಲಿ ಓದಿ ಎಂದರು. ಲೇಖನ ಉದ್ದವಾಗುವುದಾದರೆ ಆಸ್ಟ್ರೇಲಿಯಾದ ಭಾಗ ಬಿಡಬಹುದು ಎಂದೂ ಸೇರಿಸಿದ್ದರು.

ಎರಡನೆಯವರು ಕಠಿಣ. ಅವರ ವರದಿಯ ತಿರುಳು ಹೀಗಿತ್ತು: ಆಸ್ಮಂಡ್ ತೀರ್ಪನ್ನು ಅಪವಾದವೆಂದು ಕೊನೆಗೆ ತಳ್ಳುವಂತಿಲ್ಲ. ನಿಮ್ಮ ಸಿದ್ಧಾಂತ ಅದನ್ನು ವಿವರಿಸದಿದ್ದರೆ, ನಿಮ್ಮ ಬಳಿ ಇರುವುದು ಮೂರು ದೇಶಗಳ ವರ್ಣನೆ, ಸಿದ್ಧಾಂತವಲ್ಲ. ಆಸ್ಟ್ರೇಲಿಯಾದ ಸಂಸತ್ತು ಒಕ್ಕೂಟ ಸರ್ಕಾರದ ಬಹಳಷ್ಟು ತೀರ್ಮಾನಗಳ ವಿಷಯದಲ್ಲಿ 1977ರ ಕಾಯ್ದೆಯಲ್ಲೇ ಕಾರಣ ಕೇಳುವ ಹಕ್ಕು ಕೊಟ್ಟಿತ್ತು. ಆಸ್ಮಂಡ್ ಒಂದು ರಾಜ್ಯದ ನೌಕರ, ಆ ಕಾಯ್ದೆ ಅವನಿಗೆ ಅನ್ವಯಿಸುತ್ತಿರಲಿಲ್ಲ. ಇಂಥ ಬದಲಾವಣೆ ಶಾಸಕಾಂಗಕ್ಕೆ ಸೇರಿದ್ದು ಎಂದು ನ್ಯಾಯಾಲಯ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ಓದಬೇಡವೇ? ಮುಖರ್ಜಿ ತೀರ್ಪೇ ಆಸ್ಮಂಡ್ ಪ್ರಕರಣವನ್ನು ಚರ್ಚಿಸಿರುವಾಗ ಲೇಖನದಲ್ಲಿ ಅವೆರಡೂ ಏಕೆ ಇಷ್ಟು ದೂರ ಕುಳಿತಿವೆ?

ನನ್ನ ಲೇಖನವನ್ನು ಅಷ್ಟು ಹತ್ತಿರದಿಂದ ಯಾರೂ ಓದಿರಲಿಲ್ಲ. ಹೆಸರಿಲ್ಲ, ಕೀರ್ತಿ ಇಲ್ಲ, ಬಹುತೇಕ ಸಂಭಾವನೆಯೂ ಇಲ್ಲ. ಆದರೂ ಒಬ್ಬರು ಕುಳಿತು, ಪ್ಯಾರಾ ಪ್ಯಾರಾ ಓದಿ, ಎಲ್ಲಿ ಕಟ್ಟಡ ಅಲುಗುತ್ತದೆ ಎಂದು ಬರೆದು ಕಳಿಸಿದ್ದರು. ವಿದ್ವತ್ ಪ್ರಕಟಣೆಯ ಬಗ್ಗೆ ಏನೇ ದೂರುಗಳಿರಲಿ, ಈ ಓದಿನ ಬಗ್ಗೆ ನನಗೆ ಅಪಾರ ಗೌರವ ಇದೆ.

ಒಬ್ಬರು ತೆಗೆಯಿರಿ ಎಂದ ಭಾಗವನ್ನೇ ಇನ್ನೊಬ್ಬರು ಮಧ್ಯಕ್ಕೆ ತನ್ನಿ ಎಂದರೆ ಏನು ಮಾಡುವುದು? ಇಬ್ಬರಿಗೂ ಅರ್ಧರ್ಧ ಹಿತವಾಗುವಂತೆ ತಿದ್ದುವ ಆಸೆ ಹುಟ್ಟುತ್ತದೆ. ಹಾಗೆ ತಿದ್ದಿದರೆ ಲೇಖನ ಯಾರದೂ ಆಗದೆ ಉಳಿಯುತ್ತದೆ. ತೀರ್ಮಾನ ಲೇಖಕರದು, ಅದನ್ನು ಸಂಪಾದಕರಿಗೆ ತೆರೆದು ಹೇಳಬೇಕು. ನಾನು ಎರಡನೆಯವರ ಮಾತು ಹಿಡಿದೆ. ಆಸ್ಮಂಡ್ ಭಾಗವನ್ನು ಲೇಖನದ ನಡುವೆ ತಂದೆ. ಆಗ ಪ್ರಶ್ನೆಯೇ ಬೇರೆ ರೂಪ ತಾಳಿತು: ನ್ಯಾಯಾಲಯಗಳು ಏಕೆ ಕಾರಣ ಕೇಳುತ್ತವೆ ಎಂಬುದರ ಜೊತೆಗೆ, ಕಾರಣ ಕೇಳುವ ಹಕ್ಕನ್ನು ಕೊಡಬೇಕಾದವರು ನ್ಯಾಯಾಧೀಶರೋ ಶಾಸಕರೋ ಎಂಬುದು. ಮೊದಲ ಪರಾಮರ್ಶಕರು ಕೊಟ್ಟ 1958ರ ಕಾಯ್ದೆ ಅಲ್ಲಿಗೆ ಸರಿಯಾಗಿ ಬಂದು ಕೂತಿತು. ವ್ಯಾವಿಲೊವ್ ತೀರ್ಪು ಕೊನೆಯ ಭಾಗವಾಯಿತು, ಅದರ ಬೆಳಕಿನಲ್ಲಿ ‘ಪ್ರಶ್ನಿಸಲು ಅನುಕೂಲ’ ಎಂಬ ನನ್ನ ಮೂಲ ವಾದ ಕಥೆಯ ಅರ್ಧ ಮಾತ್ರ ಎಂದು ತೋರಿಸಿಕೊಟ್ಟೆ. ಜಾಗಕ್ಕಾಗಿ ಡೂಡಿ ಪ್ರಕರಣದ ಘಟನಾ ವಿವರ ಕತ್ತರಿಸಿದೆ.

ಪರಿಷ್ಕೃತ ಪ್ರತಿಯ ಜೊತೆ ಉತ್ತರ ಪತ್ರ ಕಳಿಸಬೇಕು. ಇದನ್ನು ಕಾಟಾಚಾರಕ್ಕೆ ಬರೆಯುವವರನ್ನು ಕಂಡಿದ್ದೇನೆ, ‘ಸಲಹೆಗಳನ್ನು ಅಳವಡಿಸಿಕೊಳ್ಳಲಾಗಿದೆ’ ಎಂಬ ಒಂದೇ ಸಾಲು. ಲೇಖನದಷ್ಟೇ ಶ್ರದ್ಧೆಯಿಂದ ಬರೆಯಬೇಕಾದ ಬರವಣಿಗೆ ಇದು. ಪರಾಮರ್ಶಕರ ಪ್ರತಿ ಮಾತನ್ನೂ ಅವರದೇ ಪದಗಳಲ್ಲಿ ಇಟ್ಟು, ಕೆಳಗೆ ಏನು ಬದಲಿಸಿದೆ, ಯಾವ ಪುಟದಲ್ಲಿ ಎಂದು ಬರೆದೆ. ಒಪ್ಪದ ಕಡೆ, ಏಕೆ ಒಪ್ಪಲಿಲ್ಲ ಎಂದು ಬರೆದೆ. ಅಮೆರಿಕವನ್ನೂ ಸೇರಿಸಿ ಎಂಬ ಸಲಹೆಗೆ, ಅಲ್ಲಿನ ಪ್ರಶ್ನೆ 1946ರ ಅಡ್ಮಿನಿಸ್ಟ್ರೇಟಿವ್ ಪ್ರೊಸೀಜರ್ ಆ್ಯಕ್ಟ್ ಎಂಬ ಶಾಸನದ ಸುತ್ತ ಬೆಳೆದದ್ದು, ಕಾಮನ್ ಲಾ ನ್ಯಾಯಾಲಯಗಳು ತಾವಾಗಿ ಎಷ್ಟು ಮುಂದೆ ಹೋದವು ಎಂಬ ನನ್ನ ಪ್ರಶ್ನೆಗೆ ಅದು ಸರಿಯಾದ ಹೋಲಿಕೆ ಅಲ್ಲ ಎಂದು ಎರಡು ಪ್ಯಾರಾ ಉತ್ತರ ಕೊಟ್ಟೆ. ಎರಡನೇ ಸುತ್ತಿನಲ್ಲಿ ಪರಾಮರ್ಶಕರು ಅದನ್ನು ಒಪ್ಪಿಕೊಂಡರು. ಬೇಡ ಎನ್ನುವುದಕ್ಕೆ ಲೇಖಕನಿಗೆ ಹಕ್ಕಿದೆ, ಕಾರಣ ಕೊಡುವ ಹೊಣೆಯೂ ಇದೆ. ವಿಷಯವೇ ಅದಾಗಿದ್ದ ಲೇಖನದಲ್ಲಿ ಆ ಹೊಣೆಯಿಂದ ತಪ್ಪಿಸಿಕೊಳ್ಳುವುದು ನನಗೆ ಸಾಧ್ಯವೂ ಇರಲಿಲ್ಲ.

ಒಪ್ಪಿಗೆ ಬಂದ ಮೇಲೆ ಅಡಿಟಿಪ್ಪಣಿಗಳ ಪರಿಶೀಲನೆ. ಕಾನೂನು ಲೇಖನದಲ್ಲಿ ಅಡಿಟಿಪ್ಪಣಿಯೆಂದರೆ ಸಾಕ್ಷ್ಯ. ಉಲ್ಲೇಖ ಬರೆಯುವ ನಿಯಮಗಳಿಗೆ ಅಮೆರಿಕದಲ್ಲಿ 1926ರಿಂದ ಬ್ಲೂಬುಕ್ ಎಂಬ ಕೈಪಿಡಿ ಇದೆ, ಬ್ರಿಟನ್ನಿನ ಜರ್ನಲ್‌ಗಳಲ್ಲಿ ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ ಆಸ್ಕೊಲಾ ಹೆಚ್ಚು. ಎರಡರ ನಡುವೆ ಚುಕ್ಕಿ, ಕಂಸ, ಸಂಕ್ಷೇಪ ಎಲ್ಲವೂ ಬೇರೆ ಬೇರೆ. ಡೂಡಿ ತೀರ್ಪು ಹೊರಬಿದ್ದದ್ದು 1993ರಲ್ಲಿ, ವರದಿಯಾದದ್ದು ಅಪೀಲ್ ಕೇಸಸ್ ಎಂಬ ವರದಿ ಮಾಲಿಕೆಯ [1994] 1 ಎಸಿ 531ರಲ್ಲಿ. ಪಠ್ಯದಲ್ಲಿ ಒಂದು ವರ್ಷ, ಟಿಪ್ಪಣಿಯಲ್ಲಿ ಇನ್ನೊಂದು ವರ್ಷ ಕಂಡು, ಅಚ್ಚಿಗೆ ಮುಂಚೆ ಪ್ರತಿಯನ್ನು ತಿದ್ದುವ ಸಂಪಾದಕರು ಕೇಳಿದರು, ವಿವರಿಸಿದೆ. ಇನ್ನೊಂದು ಪ್ರಶ್ನೆ ಸೊಗಸಾಗಿತ್ತು. ಮುಖರ್ಜಿ ತೀರ್ಪು (1990) 4 ಎಸ್‌ಸಿಸಿ 594, ವ್ಯಾವಿಲೊವ್ ತೀರ್ಪು 2019 ಎಸ್‌ಸಿಸಿ 65. ಮೊದಲನೆಯದು ಸುಪ್ರೀಂ ಕೋರ್ಟ್ ಕೇಸಸ್ ಎಂಬ ಭಾರತದ ವರದಿ ಮಾಲಿಕೆ, ಎರಡನೆಯದು ಸುಪ್ರೀಂ ಕೋರ್ಟ್ ಆಫ್ ಕೆನಡಾ ತಾನೇ ಕೊಡುವ, ಯಾವ ವರದಿ ಮಾಲಿಕೆಯನ್ನೂ ಅವಲಂಬಿಸದ ತಟಸ್ಥ ಉಲ್ಲೇಖ. ಒಂದೇ ಲೇಖನದಲ್ಲಿ ಎರಡೂ ಇದ್ದಾಗ ಓದುಗರು ಗೊಂದಲಕ್ಕೆ ಬೀಳುತ್ತಾರೆ ಎಂದು ಅದನ್ನು ವಿವರಿಸುವ ಒಂದು ಟಿಪ್ಪಣಿ ಹಾಕಿಸಿದರು. ಇಷ್ಟು ಜಾಗರೂಕತೆಯಿಂದ ಓದುವವರಿಗೆ ಪುಟದ ಸಂಖ್ಯೆ, ಪ್ಯಾರಾ ಸಂಖ್ಯೆ ಇಲ್ಲದ ಉಲ್ಲೇಖ ಕಳಿಸಬಾರದು. ಪ್ರತಿ ತೀರ್ಪನ್ನೂ ಮೂಲದಲ್ಲೇ ತೆರೆದು ನೋಡಬೇಕು, ಬೇರೊಬ್ಬರ ಲೇಖನದಿಂದ ಉಲ್ಲೇಖವನ್ನು ಎತ್ತಿಕೊಳ್ಳಬಾರದು. 2023ರಲ್ಲಿ ನ್ಯೂಯಾರ್ಕಿನ ಮಾಟಾ ವಿರುದ್ಧ ಅವಿಯಾಂಕಾ ಪ್ರಕರಣದಲ್ಲಿ ಚಾಟ್‌ಜಿಪಿಟಿ ಕಟ್ಟಿಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಇಂಥ ಉಪಕರಣಗಳನ್ನು ಬಳಸಿದ್ದರೆ ಹೇಳಿ ಎಂದು ಈಗ ಎಷ್ಟೋ ಜರ್ನಲ್‌ಗಳು ಕಳಿಸುವಾಗಲೇ ಕೇಳುತ್ತವೆ. ಕೇಳುವುದು ಸರಿ.

ಪ್ರೂಫ್ ಹಂತದಲ್ಲಿ ವಾಕ್ಯಗಳನ್ನು ಚಂದ ಮಾಡಲು ಹೋಗಬಾರದು, ತಪ್ಪು ಮಾತ್ರ ತಿದ್ದಬೇಕು. ಲೇಖನ ಯಾವ ದಿನದವರೆಗಿನ ಕಾನೂನನ್ನು ಹೇಳುತ್ತದೆ ಎಂದು ಮೊದಲ ಟಿಪ್ಪಣಿಯಲ್ಲಿ ಬರೆದರೆ ಮುಂದೆ ಓದುವವರಿಗೆ ಉಪಕಾರ.

ಕೊನೆಗೆ ಪರವಾನಗಿ ಪತ್ರ. ಸಹಿ ಹಾಕುವ ಮೊದಲು ಪೂರ್ತಿ ಓದಿ. ಹಕ್ಕುಸ್ವಾಮ್ಯವನ್ನೇ ಕೊಡುತ್ತಿದ್ದೀರೋ, ಪ್ರಕಟಿಸುವ ಅನುಮತಿ ಮಾತ್ರ ಕೊಡುತ್ತಿದ್ದೀರೋ ಎಂಬುದು ಅದರಲ್ಲಿರುತ್ತದೆ. ಎಲ್ಲರಿಗೂ ಉಚಿತವಾಗಿ ತೆರೆದಿಡಲು ಹಲವು ಪ್ರಕಾಶಕರು ಲೇಖಕರಿಂದ ಶುಲ್ಕ ಕೇಳುತ್ತಾರೆ, ಅದನ್ನು ಕಟ್ಟುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದರೆ ಒಪ್ಪಿಗೆಯಾದ, ಪ್ರಕಾಶಕರ ವಿನ್ಯಾಸಕ್ಕೆ ಇನ್ನೂ ಹೋಗದ ಪ್ರತಿಯನ್ನು ಲೇಖಕರೇ ಸಾರ್ವಜನಿಕವಾಗಿ ಇಡಲು ಅನೇಕ ಒಪ್ಪಂದಗಳು ಬಿಡುತ್ತವೆ, ಕೆಲವೊಮ್ಮೆ ಒಂದಿಷ್ಟು ಕಾಲ ಕಾಯಬೇಕು ಅಷ್ಟೇ. ನನ್ನ ಒಪ್ಪಂದದಲ್ಲಿ ಆ ಅವಕಾಶವಿತ್ತು, ಪ್ರತಿಯನ್ನು ಎಸ್‌ಎಸ್‌ಆರ್‌ಎನ್‌ನಲ್ಲಿ ಇಟ್ಟೆ. ಕಾರಣ ಕೊಡದ ಆದೇಶವೊಂದನ್ನು ಕೈಯಲ್ಲಿ ಹಿಡಿದು ಮೇಲ್ಮನವಿ ಬರೆಯಲು ಕುಳಿತ ವಕೀಲರಿಗೆ ಜರ್ನಲ್‌ನ ಚಂದಾ ಇರುವುದಿಲ್ಲ, ಆ ಲೇಖನ ಬೇಕಾಗಿರುವುದು ಮೊದಲು ಅವರಿಗೆ.